ಅಮ್ಮ ಕೇಳಿದ ಪ್ರಶ್ನೆ: ಕಣ್ಣಿಗೆ ಕಾಣೋ ಜಗತ್ತು ನಿಜವಾಗ್ಲೂ ಇದೆಯಾ?

ಎಲ್ರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಇಷ್ಟೊಂದು ಜನ ಬಂದಿದ್ದೀರಿ, ತುಂಬಾ ಖುಷಿಯಾಯ್ತು. ನನಗೆ ಕೊಟ್ಟಿರೋ ವಿಷಯ "ಇಂದ್ರಿಯಗಳಿಗೆ ತಿಳಿಯೋ ಜಗತ್ತು ಸತ್ಯವೇ" ಅಂತ. ನಾನು ಇದನ್ನ ನಮ್ಮನೆ ಹಾಲ್‌ನಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದಿದ್ದಲ್ಲ, ನಮ್ಮಮ್ಮ ಕೇಳಿದ್ದು.

ಹೋದ ವರ್ಷ ಅಮ್ಮನ ಬಲಗಣ್ಣಿಗೆ ಪೊರೆ ಆಪರೇಷನ್ ಆಯ್ತು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದು ಸೋಫಾ ಮೇಲೆ ಕೂತು ಎದುರಿನ ಗೋಡೆ ನೋಡಿ "ಇದಕ್ಕೆ ಯಾವಾಗ ಪೇಂಟ್ ಮಾಡ್ಸಿದ್ರೋ" ಅಂದ್ಲು. ಯಾರೂ ಪೇಂಟ್ ಮಾಡ್ಸಿರ್ಲಿಲ್ಲ. ಎಡಗಣ್ಣಿಗೆ ಇನ್ನೂ ಆಪರೇಷನ್ ಆಗಿರ್ಲಿಲ್ಲ, ಅದಕ್ಕೆ ಅವಳು ಒಂದು ಕಣ್ಣು ಮುಚ್ಚೋದು ಇನ್ನೊಂದು ತೆರೆಯೋದು ಹೀಗೆ ಮಾಡ್ತಾ ಮಾಡ್ತಾ ತಾನೇ ಕಂಡ್ಕೊಂಡ್ಲು, ಬಲಗಣ್ಣಲ್ಲಿ ಗೋಡೆ ಬೆಳ್ಳಗೆ, ನೀಲಿ ಹಾಕಿ ಒಗೆದ ಪಂಚೆ ಥರ, ಎಡಗಣ್ಣಲ್ಲಿ ಅದೇ ಗೋಡೆ ಹಳೇ ಪೇಪರ್ ಥರ ಹಳದಿ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ಲು, "ಹಾಗಾದ್ರೆ ಇಷ್ಟು ವರ್ಷ ನಾನು ನೋಡಿದ್ದು ಯಾವ ಗೋಡೆ ಕಣೋ?"

ನಾನು ಸುಮಾರು ವರ್ಷ ಫಿಲಾಸಫಿ ಪಾಠ ಹೇಳಿದೀನಿ, ಆದ್ರೆ ಆವತ್ತು ನನಗೆ ತಕ್ಷಣ ಉತ್ತರ ಹೊಳೀಲಿಲ್ಲ.

ಇದರ ವಿಜ್ಞಾನ ಸುಲಭ. ವಯಸ್ಸಾಗ್ತಾ ಕಣ್ಣೊಳಗಿನ ಲೆನ್ಸ್ ಹಳದಿಯಾಗುತ್ತೆ, ನೀಲಿ ಬೆಳಕನ್ನ ಒಳಗೆ ಬಿಡೋದು ಕಡಿಮೆ ಮಾಡುತ್ತೆ, ಇದು ಎಷ್ಟು ನಿಧಾನವಾಗಿ ಆಗುತ್ತೆ ಅಂದ್ರೆ ನಮಗೆ ಗೊತ್ತೇ ಆಗಲ್ಲ. ಫ್ರಾನ್ಸ್‌ನ ದೊಡ್ಡ ಚಿತ್ರಕಾರ ಕ್ಲೋಡ್ ಮೊನೆಗೂ ಹೀಗೇ ಆಗಿತ್ತು, 1923ರಲ್ಲಿ ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಎಲ್ಲಾ ವಿಪರೀತ ನೀಲಿಯಾಗಿ ಕಾಣ್ತಿದೆ ಅಂತ ಗೋಳಾಡಿದ್ರು, ಬಣ್ಣವೇ ಬದುಕಾಗಿದ್ದ ಮನುಷ್ಯ ಪಾಪ. ಆದ್ರೆ ಅಮ್ಮ ಕೇಳಿದ್ದು ಲೆನ್ಸ್ ಬಗ್ಗೆ ಅಲ್ಲ. ನನಗೆ ಕಾಣೋದು ನನ್ನ ಕಣ್ಣು ಕೊಟ್ಟಿದ್ದು ಮಾತ್ರ ಆದ್ರೆ, ಕಣ್ಣಿನಾಚೆ ಇರೋದು ಏನು, ಇದೆಯಾ ಇಲ್ವಾ, ಇದು ಅವಳ ಪ್ರಶ್ನೆ.

ಈಗ ಎಲ್ರೂ ಒಂದು ಕೆಲ್ಸ ಮಾಡಿ. ಎರಡೂ ಕೈ ಮುಂದಕ್ಕೆ ಚಾಚಿ, ಹೆಬ್ಬೆರಳು ಎರಡನ್ನೂ ಪಕ್ಕಪಕ್ಕ ನಿಲ್ಸಿ. ಎಡಗಣ್ಣು ಮುಚ್ಚಿ. ಬಲಗಣ್ಣಲ್ಲಿ ಎಡಗೈ ಹೆಬ್ಬೆರಳನ್ನೇ ನೋಡ್ತಾ ಇರಿ, ಕಣ್ಣು ಅಲ್ಲಾಡಿಸ್ಬೇಡಿ, ಬಲಗೈಯನ್ನ ಮೆಲ್ಲಗೆ ಬಲಕ್ಕೆ ಸರಿಸ್ತಾ ಹೋಗಿ. ಒಂದೂವರೆ ಮುಷ್ಟಿ ಅಗಲ ಹೋಗೋ ಹೊತ್ತಿಗೆ ಬಲಗೈ ಹೆಬ್ಬೆರಳ ತುದಿ ಮಾಯ ಆಗುತ್ತೆ, ಸಿಗದೇ ಇದ್ರೆ ಕೈ ಚೂರು ಕೆಳಗೆ ಇಳಿಸಿ ನೋಡಿ. ಹಾಂ, ಅಲ್ಲಿ ಹಿಂದೆ ಯಾರೋ ಅಯ್ಯೋ ಅಂದ್ರಲ್ಲ, ಅದೇ. ಕಣ್ಣಿನ ನರ ಹೊರಗೆ ಹೋಗೋ ಜಾಗದಲ್ಲಿ ಬೆಳಕು ಹಿಡಿಯೋ ಜೀವಕೋಶಗಳೇ ಇಲ್ಲ, ಅದು ಕುರುಡು ಚುಕ್ಕೆ. ನೀವು ಹುಟ್ಟಿದಾಗಿಂದ ಆ ತೂತು ಇದೆ, ಆದ್ರೆ ಜಗತ್ತಲ್ಲಿ ತೂತು ಕಾಣಲ್ಲ, ಮಿದುಳು ಸುತ್ತಮುತ್ತ ಇರೋದನ್ನ ನೋಡಿ ಅಲ್ಲಿಗೆ ತೇಪೆ ಹಾಕ್ಬಿಡುತ್ತೆ. ಅಂದ್ರೆ ಒಂದು ಕಣ್ಣು ಮುಚ್ಚಿ ನೋಡಿದಾಗ ಈ ಹಾಲ್‌ನಲ್ಲೂ ಒಂದು ಭಾಗ ಮಿದುಳು ಊಹೆ ಮಾಡಿ ತುಂಬಿಸಿದ್ದು.

ಇಷ್ಟು ಕೇಳಿದ ತಕ್ಷಣ ಸುಮಾರು ಜನ "ಹಂಗಾದ್ರೆ ಎಲ್ಲಾ ಮಾಯೆ, ಜಗತ್ತು ಅನ್ನೋದೇ ಇಲ್ಲ" ಅಂತ ಒಂದೇ ನೆಗೆತಕ್ಕೆ ಅಲ್ಲಿಗೆ ಹೋಗ್ತಾರೆ. ನಾನು ಒಪ್ಪಲ್ಲ. ಸ್ವಲ್ಪ ನಿಧಾನ ಮಾಡೋಣ. ಹೆಬ್ಬೆರಳು ಕಾಣ್ಲಿಲ್ಲ, ಆದ್ರೆ ಅದು ಅಲ್ಲೇ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು? ಬೆರಳು ಅಲ್ಲಾಡಿಸಿದ್ರಿ, ಇನ್ನೊಂದು ಕಣ್ಣು ತೆರೆದ್ರಿ, ಪಕ್ಕದವರಿಗೆ ನೋಡು ಅಂದ್ರಿ. ಒಂದು ನೋಟದ ತಪ್ಪನ್ನ ಹಿಡಿದಿದ್ದು ಇನ್ನೊಂದು ನೋಟ, ಸ್ಪರ್ಶ, ಪಕ್ಕದವರ ಮಾತು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಅದು ಕಂಡಿದ್ದೆಲ್ಲ ಸುಳ್ಳು ಅನ್ನಲ್ಲ, ಇನ್ನೊಂದು ಸಲ ನೋಡು ಅನ್ನುತ್ತೆ.

ಇನ್ನೊಂದು ವಿಷಯ. ಅಡಿಕೆ ತೋಟದಲ್ಲಿ ಒಂದು ಮರ ಇದೆ ಅಂದ್ಕೊಳ್ಳಿ. ನನಗೆ ಅದು ಹಸಿರು-ಬೂದು ಬಣ್ಣದ ಕಂಬ. ಜೇನುನೊಣಕ್ಕೆ ನಮ್ಮ ಕಣ್ಣಿಗೆ ಬೀಳದ ಅತಿನೇರಳೆ ಬೆಳಕು ಕಾಣುತ್ತೆ, ಹಾಗಾಗಿ ಅದಕ್ಕೆ ಆ ತೋಟವೇ ಬೇರೆ. ಬಾವಲಿಗೆ ಮರ ಅಂದ್ರೆ ಕೂಗಿದ ಶಬ್ದದ ಪ್ರತಿಧ್ವನಿ, ಆ ಶಬ್ದ ನಮ್ಮ ಕಿವಿಯ ಮಿತಿ ಇಪ್ಪತ್ತು ಸಾವಿರ ಹರ್ಟ್ಜ್ ದಾಟಿರೋದು, ನಮಗೆ ಕೇಳೋದೇ ಇಲ್ಲ. ಪಶ್ಚಿಮ ಘಟ್ಟದ ಪಿಟ್ ವೈಪರ್ ಹಾವಿಗೆ ಕಣ್ಣು-ಮೂಗಿನ ನಡುವೆ ಒಂದು ಗುಳಿ ಇರುತ್ತೆ, ಅದ್ರಲ್ಲಿ ಬಿಸಿಯನ್ನ ಗ್ರಹಿಸುತ್ತೆ, ಮರದ ಬುಡದಲ್ಲಿ ಕೂತಿರೋ ಇಲಿ ಅದಕ್ಕೆ ಕತ್ತಲಲ್ಲೂ ಗೊತ್ತಾಗುತ್ತೆ. ನಾಲ್ಕು ಜೀವ, ನಾಲ್ಕು ಥರದ ಜಗತ್ತು. ಇವರಲ್ಲಿ ಯಾರ ಮರ ನಿಜ? ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು, ಇಷ್ಟು ಬೇರೆಬೇರೆಯಾಗಿ ಅರಿತ್ರೂ ನಾವೆಲ್ಲ ಡಿಕ್ಕಿ ಹೊಡೀದೇ ಬಳಸಿ ಹೋಗೋದು ಅದೇ ಒಂದು ಮರವನ್ನ, ಅದೇ ಒಂದು ಜಾಗದಲ್ಲಿ. ಮರ ಬರೀ ನನ್ನ ತಲೆಯೊಳಗಿನ ಚಿತ್ರ ಆಗಿದ್ರೆ ಬಾವಲಿ ಯಾಕೆ ಅದನ್ನ ತಪ್ಪಿಸಿಕೊಂಡು ಹಾರ್ಬೇಕು?

ಬಣ್ಣ ನಮ್ಮ ಕಣ್ಣಿನ ಭಾಷೆ ಇರಬಹುದು, ಶಬ್ದ ಕಿವಿಯ ಭಾಷೆ ಇರಬಹುದು, ಆದ್ರೆ ಹೇಳ್ತಿರೋ ವಿಷಯ ಹೊರಗಿಂದು. ನನ್ನ ನಿಲುವು ಇಷ್ಟೇ, ಇನ್ನು ಇದನ್ನ ಇಟ್ಕೊಂಡು ನಮ್ಮ ಹಿರಿಯರ ಹತ್ರ ಹೋಗೋಣ.

ಈ ವಿಷಯದಲ್ಲಿ ನಮ್ಮ ನಾಡು ಪುಣ್ಯವಂತ ನಾಡು ಸ್ವಾಮಿ. ಶೃಂಗೇರಿಯಿಂದ ಹೊರಟು ಆಗುಂಬೆ ಘಾಟಿ ಇಳಿದ್ರೆ ಉಡುಪಿ, ಬಸ್ಸಲ್ಲಿ ಅರ್ಧ ದಿನವೂ ಬೇಡ. ಮೇಲೆ ಶಂಕರರ ಪೀಠ, ಜಗತ್ತು ಮಿಥ್ಯೆ ಅನ್ನೋ ಪರಂಪರೆ. ಕೆಳಗೆ 13ನೇ ಶತಮಾನದಲ್ಲಿ ಉಡುಪಿ ಹತ್ರದ ಪಾಜಕದಲ್ಲಿ ಹುಟ್ಟಿದ ಮಧ್ವರು, ಜಗತ್ತು ಸತ್ಯ ಅಂತ ಕಡ್ಡಿ ಮುರಿದ ಹಾಗೆ ಹೇಳಿದವರು. ಮೇಲುಕೋಟೆಯಲ್ಲಿ ಇದ್ದು ಹೋದ ರಾಮಾನುಜರೂ ಜಗತ್ತು ಸತ್ಯ ಅಂದವರೇ, ಹೊಳೆಯೋ ಚಿಪ್ಪನ್ನ ನೋಡಿ ಬೆಳ್ಳಿ ಅಂದ್ಕೊಂಡ್ರೂ ಅಲ್ಲಿ ಬೆಳ್ಳಿಯ ಅಂಶ ಸ್ವಲ್ಪ ಇರೋದಕ್ಕೇ ಕಂಡಿದ್ದು ಅನ್ನೋವರೆಗೆ ಹೋದವರು.

ಮೊದಲು ಶಂಕರರನ್ನ ತಗೊಳ್ತೀನಿ, ಯಾಕಂದ್ರೆ ಅವರ ಹೆಸರಲ್ಲೇ ಜಾಸ್ತಿ ತಪ್ಪು ತಿಳುವಳಿಕೆ ಓಡಾಡ್ತಿದೆ. ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ "ನಾಭಾವ ಉಪಲಬ್ಧೇಃ" ಅಂತ ಒಂದು ಸೂತ್ರ ಇದೆ, ತಿಳೀತಾ ಇರೋದ್ರಿಂದ ಇಲ್ಲ ಅನ್ನೋಕೆ ಆಗಲ್ಲ ಅಂತ ಅರ್ಥ. ಅದಕ್ಕೆ ಬರೆದ ಭಾಷ್ಯದಲ್ಲಿ ಶಂಕರರು ಎದುರಿಸ್ತಾ ಇರೋದು ಬೌದ್ಧ ವಿಜ್ಞಾನವಾದಿಗಳನ್ನ, ಹೊರಗೆ ವಸ್ತು ಅಂತ ಇಲ್ವೇ ಇಲ್ಲ, ಇರೋದೆಲ್ಲ ಬರೀ ಅರಿವು ಅಂದವರನ್ನ. ಅವರಿಗೆ ಶಂಕರರು ಕೊಡೋ ಉತ್ತರ ನೋಡಿ, ಕಂಬ, ಗೋಡೆ, ಮಡಕೆ, ಬಟ್ಟೆ ಎಲ್ಲಾ ಎದುರಿಗೆ ತಿಳೀತಾ ಇರ್ಬೇಕಾದ್ರೆ ಹೊರಗೆ ಏನೂ ಇಲ್ಲ ಅನ್ನೋದು, ಊಟ ಮಾಡ್ತಾ ಹೊಟ್ಟೆ ತುಂಬಿ ತೃಪ್ತಿ ಆಗ್ತಾ ಇರೋವಾಗ್ಲೇ ನಾನು ಉಣ್ತಾನೂ ಇಲ್ಲ ನನಗೆ ತೃಪ್ತಿಯೂ ಆಗ್ತಿಲ್ಲ ಅಂದ ಹಾಗೆ ಅಂತಾರೆ. ಗೋಡೆ ಅಂದ್ರು ನೋಡಿ, ಅಮ್ಮನ ಗೋಡೆ! ಮುಂದಿನ ಸೂತ್ರದ ಭಾಷ್ಯದಲ್ಲಿ ಎಚ್ಚರದ ಅನುಭವ ಕನಸಿನ ಹಾಗಲ್ಲ, ಎದ್ದಾಗ ಕನಸು ಸುಳ್ಳಾಗುತ್ತೆ, ಎಚ್ಚರದಲ್ಲಿ ಕಂಡ ಕಂಬ ಹಾಗೆ ಸುಳ್ಳಾಗಲ್ಲ ಅಂತಾರೆ. ಇದನ್ನ ಓದಿದಾಗ ನನಗೆ ಮೈ ಜುಮ್ ಅಂದಿತ್ತು. ಶಂಕರರ ಗುರುವಿನ ಗುರು ಗೌಡಪಾದರ ಕಾರಿಕೆಯಲ್ಲಿ, ಅಂದ್ರೆ ಪದ್ಯಗಳಲ್ಲಿ, ಎಚ್ಚರವನ್ನೂ ಕನಸಿಗೆ ಹೋಲಿಸಿದ್ದಾರಲ್ಲ ಅಂತ ಗೊತ್ತಿರೋರು ಕೇಳ್ತಾರೆ, ಸರಿ, ಹೋಲಿಸಿದ್ದಾರೆ, ಆದ್ರೆ ಅದು ಬ್ರಹ್ಮದ ಎತ್ತರದಲ್ಲಿ ನಿಂತು ಆಡಿದ ಮಾತು. ವ್ಯವಹಾರದ ನೆಲದ ಮೇಲೆ ನಿಂತಾಗ ಶಂಕರರು ಗೋಡೆಯನ್ನ ಗೋಡೆ ಅಂತಾನೇ ಒಪ್ತಾರೆ. ಮಿಥ್ಯೆ ಅಂದ್ರೆ ಅವರಲ್ಲಿ ಮೊಲದ ಕೊಂಬಿನ ಥರ ಇಲ್ಲವೇ ಇಲ್ಲದ್ದು ಅಂತ ಅಲ್ಲ.

ಮಧ್ವರು ಇಷ್ಟಕ್ಕೂ ಬಿಡಲ್ಲ. ಪ್ರಪಂಚ ಅಂತ ನಾವು ದಿನಾ ಹೇಳ್ತೀವಲ್ಲ, ಆ ಪದಕ್ಕೇ ಅವರು ಐದು ಥರದ ಭೇದ ಇರೋದು ಅಂತ ಅರ್ಥ ಕೊಟ್ರು, ದೇವರಿಗೂ ಜೀವಕ್ಕೂ, ದೇವರಿಗೂ ಜಡಕ್ಕೂ, ಜೀವಜೀವಕ್ಕೂ, ಜೀವಕ್ಕೂ ಜಡಕ್ಕೂ, ಜಡಜಡಕ್ಕೂ. ಹಗ್ಗ-ಹಾವಿನ ಕಥೆ ಎಲ್ರಿಗೂ ಗೊತ್ತು. ಅವರ ದಾರಿ ಹಿಡಿದು ನೋಡಿದ್ರೆ ಅಲ್ಲಿ ಹಾವು ಇರ್ಲಿಲ್ಲ ಸರಿ, ಆದ್ರೆ ಹಗ್ಗ ಇತ್ತು, ಮಬ್ಬುಗತ್ತಲೆ ಇತ್ತು, ನಿಜವಾದ ಹಾವನ್ನ ಹಿಂದೆ ಎಲ್ಲೋ ನೋಡಿದ್ದಿತ್ತು. ಭ್ರಮೆ ಹುಟ್ಟೋಕೂ ಇಷ್ಟೆಲ್ಲಾ ಸತ್ಯ ಬೇಕು. ಜಗತ್ತಿಡೀ ಭ್ರಮೆ ಅನ್ನೋದಾದ್ರೆ ಅದು ಯಾವ ಹಗ್ಗದ ಮೇಲೆ ಕಂಡಿದ್ದು, ಆ ಹಾವನ್ನ ಹಿಂದೆ ಎಲ್ಲಿ ನೋಡಿದ್ದು? ಈ ಜಗಳ ಶತಮಾನಗಟ್ಟಲೆ ನಡೀತು. ವಿಜಯನಗರದ ಕಾಲದಲ್ಲಿ ಮಧ್ವರ ಪರಂಪರೆಯ ವ್ಯಾಸತೀರ್ಥರು ನ್ಯಾಯಾಮೃತ ಬರೆದು ಮಿಥ್ಯೆ ಅಂದ್ರೆ ಏನು ಅನ್ನೋ ಐದು ವ್ಯಾಖ್ಯೆ ತಗೊಂಡು ಒಂದೊಂದನ್ನೂ ಪ್ರಶ್ನೆ ಮಾಡಿದ್ರು, ಅದಕ್ಕೆ ಶಂಕರರ ಪರಂಪರೆಯ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಹೆಚ್ಚುಕಡಿಮೆ ಸಾಲುಸಾಲಿಗೂ ಉತ್ತರ ಬರೆದ್ರು. ಎದುರಾಳಿಯ ಮಾತನ್ನ ಅಷ್ಟು ಶ್ರದ್ಧೆಯಿಂದ ಓದಿದ ಕಾಲ ಅದು.

ಮಧ್ವರ ಒಂದು ಮಾತು ನನಗೆ ಎಲ್ಲಕ್ಕಿಂತ ಹತ್ತಿರದ್ದು, ಸಾಕ್ಷಿ. ಕಣ್ಣು ತಪ್ಪಬಹುದು, ಕಿವಿ ತಪ್ಪಬಹುದು, ಆದ್ರೆ ಒಳಗಿನ ಸಾಕ್ಷಿ ಸುಖ-ದುಃಖವನ್ನ ಅರಿಯುವಾಗ ತಪ್ಪಲ್ಲ ಅಂತಾರೆ. ನನಗೆ ನೋವಾಗ್ತಿದೆಯೋ ಇಲ್ವೋ ಅಂತ ಯಾರಿಗೂ ಡೌಟ್ ಬರಲ್ಲ. ಇದಕ್ಕೆ ಇವತ್ತಿನ ಉದಾಹರಣೆ ಕೊಡ್ತೀನಿ. ಕೈ ಕಳ್ಕೊಂಡವರಲ್ಲಿ ಸುಮಾರು ಜನಕ್ಕೆ ಇಲ್ಲದ ಕೈ ಇದ್ದ ಹಾಗೇ ಅನ್ನಿಸುತ್ತೆ, ಆ ಇಲ್ಲದ ಕೈಯೇ ನೋಯುತ್ತೆ. 1990ರ ದಶಕದಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಒಂದು ಡಬ್ಬದ ಮಧ್ಯೆ ಕನ್ನಡಿ ನಿಲ್ಲಿಸಿ ಇರೋ ಕೈಯ ಪ್ರತಿಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣೋ ಹಾಗೆ ಮಾಡಿದ್ರು, ಕೆಲವರಿಗೆ ಬಿಗಿ ಹಿಡಿದಿದ್ದ ಇಲ್ಲದ ಮುಷ್ಟಿ ಬಿಚ್ಚಿಕೊಂಡ ಹಾಗಾಗಿ ನೋವು ಕಡಿಮೆ ಆಯ್ತು. ಕೈ ಇಲ್ಲ, ಕನ್ನಡಿಯಲ್ಲಿ ಕಂಡಿದ್ದೂ ಆ ಕೈಯಲ್ಲ, ಆದ್ರೆ ನೋವು ಮಾತ್ರ ಅಪ್ಪಟ ನಿಜ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಅಪ್ಪ ತೀರ್ಕೊಂಡಾಗ ಹೆಣದ ಮುಂದೆ ಕೂತಿದ್ದ ಅಮ್ಮನಿಗೆ ಬಂದವರೊಬ್ರು "ಎಲ್ಲಾ ಮಾಯೆ ಕಣಮ್ಮಾ, ಯಾಕಳ್ತೀಯಾ" ಅಂದ್ರು. ಅವರ ಮನಸ್ಸಲ್ಲಿ ಕೆಟ್ಟದ್ದಿರ್ಲಿಲ್ಲ, ಆದ್ರೂ ನನಗೆ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ನಲವತ್ತು ವರ್ಷ ಜೊತೆಗಿದ್ದ ಮನುಷ್ಯ ಇಲ್ಲ ಅನ್ನೋ ಸಂಕಟವನ್ನ ಮಾಯೆ ಅಂತ ಒರೆಸಿ ಹಾಕೋಕೆ ಶಂಕರರ ಪದ ಬಳಸ್ಬೇಡಿ ಅಂತ ಆವತ್ತು ಹೇಳ್ಬೇಕಿತ್ತು, ಹೇಳ್ಲಿಲ್ಲ, ಇವತ್ತು ನಿಮ್ಮ ಮುಂದೆ ಹೇಳ್ತಿದೀನಿ.

ಹುಡುಗರು ಈಗ ಬೇರೆ ಥರ ಕೇಳ್ತಾರೆ, "ಸರ್, ನಾವೆಲ್ಲ ಯಾವುದೋ ಕಂಪ್ಯೂಟರ್‌ನ ಸಿಮ್ಯುಲೇಶನ್ ಒಳಗಿದ್ರೆ?" ಅಂತ. ಇರಬಹುದಪ್ಪಾ. ಆದ್ರೆ ಆಗ ನಮಗೆ ತಿಳಿಯೋದು ಗೋಡೆ ಯಾವುದರಿಂದ ಆಗಿದೆ ಅನ್ನೋದು, ಇಟ್ಟಿಗೆಯಿಂದಲೋ ಕೋಡ್‌ನಿಂದಲೋ ಅಂತ, ಗೋಡೆ ಇಲ್ಲ ಅಂತ ಅಲ್ಲ. ತಲೆ ಗುದ್ದಿದ್ರೆ ಬುಗುಟೆ ಆಗೇ ಆಗುತ್ತೆ.

ಅಮ್ಮನ ವಿಷಯಕ್ಕೆ ವಾಪಸ್ ಬರ್ತೀನಿ. ಆವತ್ತು ನಾನು ಉತ್ತರ ಕೊಡದೇ ಕೂತಿದ್ದೆ ಅಂದ್ನಲ್ಲ, ಅವಳು ಕಾಯ್ಲಿಲ್ಲ. ಒಳಗೆ ಹೋಗಿ ಬೀರುವಿಂದ ಒಂದು ಸೀರೆ ತಂದ್ಲು, ಕೆನೆ ಬಣ್ಣದ್ದು ಅಂತ ಅವಳು ಇಷ್ಟು ದಿನ ಅಂದ್ಕೊಂಡಿದ್ದು. ಅದನ್ನ ಅಂಗಳಕ್ಕೆ ತಗೊಂಡು ಹೋಗಿ ಬಿಸಿಲಿಗೆ ಹಿಡಿದು ಬಲಗಣ್ಣಲ್ಲಿ ನೋಡಿದ್ಲು, ಎಡಗಣ್ಣಲ್ಲಿ ನೋಡಿದ್ಲು, ಆಮೇಲೆ ಕಾಂಪೌಂಡ್ ಆಚೆ ಬಟ್ಟೆ ಒಣಗಿಸ್ತಿದ್ದ ಪಕ್ಕದ ಮನೆಯವರನ್ನ ಕೂಗಿ ಕರೆದು, ಸೀರೆ ಎತ್ತಿ ತೋರಿಸಿ, "ರೀ, ಇದು ಯಾವ ಬಣ್ಣ ಹೇಳಿ" ಅಂದ್ಲು.