ಹೇಸ್ಟಿಂಗ್ಸ್ 1895: ಯಾರೂ ಲೆಕ್ಕಕ್ಕೆ ಹಿಡಿಯದ ಹುಡುಗ ಗೆದ್ದ ಪಂದ್ಯಾವಳಿ

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಹೇಸ್ಟಿಂಗ್ಸ್ ಎಂಬ ಊರಿದೆ. 1895ರ ಆಗಸ್ಟ್ 5ರಂದು ಅಲ್ಲಿನ ಬ್ರಾಸಿ ಇನ್‌ಸ್ಟಿಟ್ಯೂಟ್‌ನಲ್ಲಿ 22 ಮಂದಿ ಚೆಸ್ ಆಟಗಾರರು ಸೇರಿದರು. ಪ್ರತಿಯೊಬ್ಬರೂ ಉಳಿದ 21 ಜನರ ಜೊತೆ ಒಂದೊಂದು ಆಟ ಆಡಬೇಕು; ಗೆದ್ದರೆ ಒಂದು ಅಂಕ, ಡ್ರಾ ಆದರೆ ಅರ್ಧ. ಒಟ್ಟು 231 ಆಟ. ಮೊದಲ ಬಹುಮಾನ 150 ಪೌಂಡ್.

ಅಲ್ಲಿ ಕೂತಿದ್ದವರು ಯಾರು ಯಾರು ನೋಡಿ. ಹಿಂದಿನ ವರ್ಷವಷ್ಟೇ ವಿಶ್ವ ಚಾಂಪಿಯನ್ ಆಗಿದ್ದ 26ರ ಇಮ್ಯಾನುಯೆಲ್ ಲಾಸ್ಕರ್. ಅವನಿಗೆ ಪಟ್ಟ ಬಿಟ್ಟುಕೊಟ್ಟಿದ್ದ 59ರ ವಿಲ್ಹೆಲ್ಮ್ ಸ್ಟೈನಿಟ್ಜ್. ರಷ್ಯಾದ ಚಿಗೋರಿನ್, ಜರ್ಮನಿಯ ಟರಾಶ್. 1851ರಲ್ಲಿ ಲಂಡನ್ನಿನ ಮೊಟ್ಟಮೊದಲ ಅಂತಾರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿದ್ದ ಹೆನ್ರಿ ಬರ್ಡ್ ಕೂಡ ಇಲ್ಲಿ ಆಡಿದರು. 21ರ ಹರೆಯದ ಶ್ಲೆಕ್ಟರ್ ಕೂಡ. ಎರಡು ತಲೆಮಾರು ಒಂದೇ ಹಾಲಿನಲ್ಲಿ. ಆ ಕಾಲಕ್ಕೆ ಇಷ್ಟು ದೊಡ್ಡವರೆಲ್ಲ ಒಟ್ಟಿಗೆ ಒಂದು ಕಡೆ ಸೇರಿದ್ದು ಇದೇ ಮೊದಲು ಎನ್ನಬಹುದು.

ಇವರ ನಡುವೆ ಅಮೆರಿಕದಿಂದ ಬಂದಿದ್ದ 22ರ ಹುಡುಗ ಹ್ಯಾರಿ ನೆಲ್ಸನ್ ಪಿಲ್ಸ್‌ಬರಿ. ಅವನು ಗೆಲ್ಲುತ್ತಾನೆಂದು ಎಣಿಸಿದ್ದವರು ಇಲ್ಲವೆಂದೇ ಹೇಳಬೇಕು. ಮೊದಲ ಸುತ್ತಿನಲ್ಲೇ ಚಿಗೋರಿನ್ ಕಿಂಗ್ಸ್ ಗ್ಯಾಂಬಿಟ್ ಎಂಬ ಆರಂಭದ ವ್ಯೂಹ ಆಡಿ ಅವನನ್ನು ಸೋಲಿಸಿಬಿಟ್ಟರು. ಮರುಸುತ್ತಿನಲ್ಲಿ ಎದುರಾಳಿ ಟರಾಶ್. ಅಲ್ಲಿ ಪಿಲ್ಸ್‌ಬರಿ ಕ್ವೀನ್ಸ್ ಗ್ಯಾಂಬಿಟ್ ಎಂಬ ಇನ್ನೊಂದು ಆರಂಭ ಆಡಿದ. ಹಲಗೆಯ ನಡುಮಧ್ಯೆ ಒಂದು ಕುದುರೆಯನ್ನು ತಂದು ನಿಲ್ಲಿಸಿ, ಅದಕ್ಕೆ ಪದಾತಿಯ ಬೆಂಬಲ ಕೊಟ್ಟ. ಟರಾಶ್ ಮಂತ್ರಿಯ ಬದಿಯಲ್ಲಿ ಪದಾತಿಗಳನ್ನು ಮುಂದೊತ್ತುತ್ತಾ ಹೋದರೆ, ಈತ ರಾಜನ ಮೇಲೆ ನಿಧಾನಕ್ಕೆ ಸೈನ್ಯ ಕಟ್ಟಿ 52 ನಡೆಗಳಲ್ಲಿ ಗೆದ್ದ. ಶಾಂತವಾದ ಆರಂಭ ಎನಿಸಿಕೊಂಡಿದ್ದ ಕ್ವೀನ್ಸ್ ಗ್ಯಾಂಬಿಟ್‌ನಿಂದಲೂ ಇಂಥ ದಾಳಿ ಹುಟ್ಟುತ್ತದೆ ಎಂದು ಜಗತ್ತು ಕಂಡದ್ದು ಈ ಆಟದಲ್ಲಿ. ಇಂದಿಗೂ ಆ ವ್ಯೂಹಕ್ಕೆ ಪಿಲ್ಸ್‌ಬರಿ ದಾಳಿ ಎಂದೇ ಹೆಸರು.

ಹೇಸ್ಟಿಂಗ್ಸ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಹತ್ತನೇ ಸುತ್ತಿನ ಸ್ಟೈನಿಟ್ಜ್–ಫಾನ್ ಬಾರ್ಡೆಲೆಬೆನ್ ಆಟ. ಸ್ಟೈನಿಟ್ಜ್ ತಮ್ಮ ಆನೆಯನ್ನು ಕಪ್ಪು ರಾಜನ ಬಾಯಿಗೇ ಕೊಟ್ಟು ಚೆಕ್ ಕೊಟ್ಟರು, ಅಂದರೆ ರಾಜನ ಮೇಲೇ ನೇರ ದಾಳಿ. ಹೊಡೆಯುವ ಹಾಗಿಲ್ಲ, ಹೊಡೆದರೆ ಆಟವೇ ಹೋಯಿತು. ಅದೇ ಆನೆ ಪಕ್ಕದ ಮನೆಗೆ ಸರಿದು ಮತ್ತೆ ಚೆಕ್, ಮತ್ತೂ ಪಕ್ಕಕ್ಕೆ ಸರಿದು ಮತ್ತೆ ಚೆಕ್. ಇತ್ತ ಬಿಳಿಯ ರಾಜನಿಗೂ ಹಿಂದಿನ ಸಾಲಿನಲ್ಲಿ ಮೇಟ್ (ತಪ್ಪಿಸಿಕೊಳ್ಳಲಾಗದ ಚೆಕ್) ಕಾದು ಕೂತಿದೆ, ಒಂದು ಚೆಕ್ ತಪ್ಪಿದರೂ ಮುಗಿಯಿತು. 25ನೇ ನಡೆ ಆದ ಮೇಲೆ ಬಾರ್ಡೆಲೆಬೆನ್ ಸೋಲೊಪ್ಪದೆ, ಮಾತಿಲ್ಲದೆ ಎದ್ದು ಹೊರಗೆ ನಡೆದರು. ಗಡಿಯಾರ ಓಡಿ ಓಡಿ ಅವರ ಸಮಯ ತೀರಿತು. ಅಲ್ಲಿದ್ದವರಿಗೆ ಸ್ಟೈನಿಟ್ಜ್ ಹತ್ತು ನಡೆಯ ಮೇಟನ್ನು ಆಡಿ ತೋರಿಸಿದರು.

ಅದು ಸೊಗಸಾದ ಆಟ, ಎರಡು ಮಾತಿಲ್ಲ. ಆದರೆ ನನ್ನ ಮಟ್ಟಿಗೆ ಹೇಸ್ಟಿಂಗ್ಸಿನ ಹಿರಿಮೆ ಇರುವುದು ಕೊನೆಯ ಸುತ್ತಿನಲ್ಲಿ. ಹಿಂದಿನ ಸುತ್ತಿನಲ್ಲಿ ಚಿಗೋರಿನ್ ಯಾನೋವ್‌ಸ್ಕಿಗೆ ಬರೀ 16 ನಡೆಗಳಲ್ಲಿ ಸೋತಿದ್ದರು. ಹಾಗಾಗಿ ಪಿಲ್ಸ್‌ಬರಿ 15½, ಚಿಗೋರಿನ್ 15, ಲಾಸ್ಕರ್ 14½. ಪಿಲ್ಸ್‌ಬರಿಗೆ ಎದುರಾಳಿ ಗುನ್ಸ್‌ಬರ್ಗ್. ಮಂತ್ರಿಗಳು ಹೋದವು, ಆನೆಗಳು ಹೋದವು, ಒಂಟೆಗಳೂ ಹೋದವು. 26ನೇ ನಡೆಯ ಹೊತ್ತಿಗೆ ಇಬ್ಬರ ಬಳಿಯೂ ಉಳಿದದ್ದು ಒಬ್ಬ ರಾಜ, ಒಂದು ಕುದುರೆ, ಏಳು ಪದಾತಿ. ನೋಡಿದವರು ಡ್ರಾ ಎಂದುಬಿಡುವ ಸ್ಥಿತಿ.

ಈಗ ನಿಧಾನವಾಗಿ ನೋಡೋಣ. ಪಿಲ್ಸ್‌ಬರಿ ರಾಜನ ಬದಿಯ ಪದಾತಿಯೊಂದನ್ನು ಮುಂದೆ ತಳ್ಳಿ ಕಪ್ಪಿನ ಸಾಲನ್ನು ಕೆದಕಿದ. ಆಮೇಲೆ ಕುದುರೆಯನ್ನು ಮಂತ್ರಿಯ ಬದಿಗೆ ಹಾರಿಸಿದ. ಗುನ್ಸ್‌ಬರ್ಗ್ ಪದಾತಿಯಿಂದ ಆ ಕುದುರೆಯನ್ನು ಬೆದರಿಸಿದರು. ಯಾರಾದರೂ ಕುದುರೆಯನ್ನು ಹಿಂದಕ್ಕೆ ತೆಗೆಯುತ್ತಾರೆ. ಇವನು ತೆಗೆಯಲಿಲ್ಲ; ಪಕ್ಕದ ಪದಾತಿಯನ್ನು ಆರನೇ ಸಾಲಿಗೆ ಏರಿಸಿದ. ಕುದುರೆಯನ್ನು ಹೊಡೆದರೆ ಆ ಪದಾತಿ ಏಳನೇ ಸಾಲಿಗೆ ಹೋಗುತ್ತದೆ, ಅಲ್ಲಿಂದ ಕೊನೆಯ ಸಾಲು ಮುಟ್ಟಿ ಮಂತ್ರಿಯಾಗುವುದನ್ನು ತಡೆಯಲು ಆಗದು. ಸರಿ, ಕುದುರೆಗಳು ಪರಸ್ಪರ ಹೊಡೆದಾಡಿ ಹಲಗೆ ಬಿಟ್ಟವು. ಬರೀ ರಾಜರು, ಪದಾತಿಗಳು. ಆಗ 32ನೇ ನಡೆಯಲ್ಲಿ ಇನ್ನೊಂದು ಪದಾತಿಯನ್ನು ಸುಮ್ಮನೆ ಬಲಿಕೊಟ್ಟು, ಮುಂದಿನ ನಡೆಯಲ್ಲಿ ಚೆಕ್. ಈಗ ಐದನೇ ಸಾಲಿನಲ್ಲೊಂದು, ಪಕ್ಕದ ದಾರಿಯ ಆರನೇ ಸಾಲಿನಲ್ಲೊಂದು, ಎರಡು ಬಿಳಿ ಪದಾತಿ ಜೋಡಿಯಾಗಿ ನಿಂತಿವೆ. ಕಪ್ಪು ರಾಜ ಒಂದನ್ನು ಹೊಡೆಯಲು ಹೋದರೆ ಇನ್ನೊಂದು ಓಡುತ್ತದೆ. ಅಲ್ಲೇ ಕಾವಲು ಕಾಯುವುದಷ್ಟೇ ಅದರ ಪಾಲಿಗೆ ಉಳಿದ ಕೆಲಸ. ಬಿಳಿ ರಾಜ ಮಾತ್ರ ಸ್ವತಂತ್ರ. 40ನೇ ನಡೆಗೆ ಗುನ್ಸ್‌ಬರ್ಗ್ ಸೋಲೊಪ್ಪಿದರು.

ಪದಾತಿಗಳ ಆಟವನ್ನು ಒಣ ಲೆಕ್ಕ ಎನ್ನುವವರಿಗೆ ನಾನು ಯಾವಾಗಲೂ ತೋರಿಸುವುದು ಇದನ್ನೇ. ಸ್ಟೈನಿಟ್ಜ್ ಆಟದಲ್ಲಿರುವಷ್ಟೇ ಧೈರ್ಯ ಇಲ್ಲೂ ಇದೆ. ಅದೂ ಅರ್ಧ ಅಂಕದ ಮುನ್ನಡೆಯಲ್ಲಿ, ಕೊನೆಯ ದಿನ!

ಅಂದು ಚಿಗೋರಿನ್, ಲಾಸ್ಕರ್ ಇಬ್ಬರೂ ಗೆದ್ದರು. ಡ್ರಾ ಮಾಡಿಕೊಂಡಿದ್ದರೆ ಪಿಲ್ಸ್‌ಬರಿ ಚಿಗೋರಿನ್ ಜೊತೆ ಮೊದಲ ಸ್ಥಾನ ಹಂಚಿಕೊಳ್ಳಬೇಕಿತ್ತು. ಅಂತಿಮವಾಗಿ ಪಿಲ್ಸ್‌ಬರಿ 16½, ಚಿಗೋರಿನ್ 16, ಲಾಸ್ಕರ್ 15½, ಟರಾಶ್ 14, ಸ್ಟೈನಿಟ್ಜ್ 13. ಟೈಫಾಯ್ಡ್‌ನಿಂದ ಎದ್ದು ಹೆಚ್ಚು ಕಾಲವಾಗಿರದ ಲಾಸ್ಕರ್‌ಗೆ ಮೂರನೇ ಸ್ಥಾನವೂ ಸಣ್ಣದಲ್ಲ ಎಂಬುದನ್ನು ಮರೆಯಬಾರದು.

ಮುಂದಿನದು ನೋವಿನ ಕಥೆ. ಅದೇ ವರ್ಷದ ಕೊನೆಗೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಲಾಸ್ಕರ್, ಸ್ಟೈನಿಟ್ಜ್, ಚಿಗೋರಿನ್, ಪಿಲ್ಸ್‌ಬರಿ ನಾಲ್ವರೇ ಸೇರಿ ಆಡಿದರು. ಅರ್ಧ ದಾರಿಯಲ್ಲಿ 9 ಆಟಗಳಿಂದ 6½ ಅಂಕ ಗಳಿಸಿ ಪಿಲ್ಸ್‌ಬರಿ ಮುಂದಿದ್ದ. ಉಳಿದ 9ರಲ್ಲಿ ಸಿಕ್ಕಿದ್ದು 1½. ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಆಡುವ ಅವಕಾಶ ಅವನಿಗೆ ಒಮ್ಮೆಯೂ ಒದಗಲಿಲ್ಲ. 1906ರಲ್ಲಿ, 33ನೇ ವಯಸ್ಸಿಗೇ ತೀರಿಕೊಂಡ.

ಹೇಸ್ಟಿಂಗ್ಸಿನ ಆಟಗಳನ್ನೆಲ್ಲ ಮರುವರ್ಷ ಹೊರೇಸ್ ಚೆಷೈರ್ ಪುಸ್ತಕವಾಗಿ ಸಂಪಾದಿಸಿದರು. ಅದರಲ್ಲಿ ಆಟಗಾರರೇ ಒಬ್ಬರ ಆಟಕ್ಕೆ ಇನ್ನೊಬ್ಬರು ಟಿಪ್ಪಣಿ ಬರೆದಿದ್ದಾರೆ. ಇಲ್ಲಿರುವ ಕಿರಿಯರಿಗೆ ನನ್ನದೊಂದು ಕೋರಿಕೆ: ಯಾರು ಮುಂದಿದ್ದಾರೆಂದು ಕಂಪ್ಯೂಟರ್ ಅಂಕ ತೋರಿಸುವ ಮೊದಲು, ಪಿಲ್ಸ್‌ಬರಿಯ 21 ಆಟಗಳನ್ನು ಹಲಗೆ ಹಾಸಿ ಸುತ್ತಿನ ಕ್ರಮದಲ್ಲೇ ಆಡಿ ನೋಡಿ. ಚಿಗೋರಿನ್ ಎದುರಿನ ಸೋಲಿನಿಂದಲೇ ಶುರುಮಾಡಿ.