ಆ ಮಾತು ಬಿದ್ದದ್ದು ಯಾರಿಗೆ?

ಕೇಳುಗರಿಗೆ ನಮಸ್ಕಾರ. ಹೊಲಕ್ಕೆ ಹೊರಟವರಿಗೆ, ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿರುವ ಅಕ್ಕಂದಿರಿಗೆ, ಎಲ್ಲರಿಗೂ. ಇವತ್ತು ನಾನು ಹೇಳುವುದು ಒಂದೇ ಮಾತು. ಅವಮಾನ ಆಯಿತು ಅಂತ ಜಗಳ ಎದ್ದರೆ, ಆ ಮಾತು ಯಾರಿಗೆ ಬಿತ್ತೋ ಮೊದಲು ಅವರನ್ನು ಕೇಳಿ.

ಕಲಬುರಗಿಯ ಒಂದು ಕಾಲೇಜಿನಲ್ಲಿ ನಾನು ಮನಃಶಾಸ್ತ್ರ ಕಲಿಸುತ್ತಿದ್ದೆ. ಮೈಸೂರು ಕಡೆಯಿಂದ ಹೊಸ ಮೇಷ್ಟ್ರೊಬ್ಬರು ಬಂದರು. ಮೇ ತಿಂಗಳ ಮಧ್ಯಾಹ್ನ, ಫ್ಯಾನು ಸುಮ್ನೆ ಬಿಸಿಗಾಳಿ ಬೀಸುತ್ತಿತ್ತು. ನಮ್ಮ ಹಿರಿಯ ಜವಾನರು ಅವರ ಮುಂದೆ ಚಾ ಇಟ್ಟು, ಜೋರು ದನಿಯಲ್ಲಿ "ಹಿಡೀರಿ, ಕುಡೀರಿ" ಅಂದರು. ನಮ್ಮಲ್ಲಿ ಅದು ಉಪಚಾರ. ಹೊಸಬರು ಮಾತ್ರ "ಈ ಕಡೆಯವರೆಲ್ಲ ಒರಟಪ್ಪ" ಅಂದುಬಿಟ್ಟರು.

ಒಬ್ಬರು ಎದ್ದರು: "ಇದು ಕಲಬುರಗಿಗೇ ಅವಮಾನ." ಇನ್ನೊಬ್ಬರಿಗೆ ಅಷ್ಟು ಸಾಲಲಿಲ್ಲ: "ಇಡೀ ಕಲ್ಯಾಣ ಕರ್ನಾಟಕಕ್ಕೆ!" ಮೂರನೆಯವರು ಕ್ಷಮಾಪಣೆ ಬರೆದುಕೊಡಿ ಅಂದರು. ಮತ್ತೊಬ್ಬರು "ಮೈಸೂರು ಕಡೆಯವರೆಲ್ಲ ಹಿಂಗೇ" ಅಂದರು. ಒಬ್ಬರ 'ಎಲ್ಲ'ಕ್ಕೆ ಇನ್ನೊಬ್ಬರ 'ಎಲ್ಲ'! ನಾನೂ ಎದ್ದು ಮಾತಾಡಿದೆ. ಕಿಟಕಿ ಆಚೆ ಹುಡುಗರು ನೋಡುತ್ತಿದ್ದರು, ಅವರ ಮುಂದೆ ನಾನು ಕಡಿಮೆ ಆಗಬಾರದಿತ್ತು. ನಿಜ ಹೇಳುತ್ತೇನೆ, ಆಗ ಜವಾನರ ನೆನಪೇ ನನಗಿರಲಿಲ್ಲ.

ಅವರು ಟ್ರೇ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅರ್ಧ ಗಂಟೆ ಆದ ಮೇಲೆ ಆಫೀಸಿನ ಹುಡುಗಿಯೊಬ್ಬಳು ಕೇಳಿದಳು: "ಕಾಕಾ, ನಿಮಗೇನ್ ಅನಿಸ್ತು?"

"ಮಾತಿಗೇನ್ ಬಿಡವ್ವ. ಚಾ ಆರಿ ಹೋತು, ಅವ್ರು ಮುಟ್ಟಲೇ ಇಲ್ಲ. ಅದಕ್ಕ ಬ್ಯಾಸರ ಆತು."

ಹೊಸಬರು ಕೆನೆಗಟ್ಟಿದ ಆ ಚಾ ಎತ್ತಿ ಪೂರ್ತಿ ಕುಡಿದರು. ಯಾರೂ ಮಾತಾಡಲಿಲ್ಲ.

ಸಮಯ ಓಡುತ್ತಿದೆ, ಬೇಗ ಹೇಳುತ್ತೇನೆ. 1970ರಲ್ಲಿ ಹೆನ್ರಿ ತಾಜ್‌ಫೆಲ್ ಎಂಬ ಮನಃಶಾಸ್ತ್ರಜ್ಞರು ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಶಾಲಾ ಹುಡುಗರ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ನಿಮಗೆ ಈ ಚಿತ್ರಕಾರ ಇಷ್ಟ, ನಿಮಗೆ ಆ ಚಿತ್ರಕಾರ ಇಷ್ಟ ಅಂತ ಹೇಳಿ ಎರಡು ಗುಂಪು ಮಾಡಿದರು. ನಿಜವಾಗಿ ಹಾಗೇ ಮನಬಂದಂತೆ ಹಂಚಿದ್ದು. ಹುಡುಗರು ಇತರರಿಗೆ ದುಡ್ಡು ಹಂಚಬೇಕಿತ್ತು, ತಮಗೆ ತಾವೇ ಒಂದು ಪೈಸೆಯೂ ಹಾಕಿಕೊಳ್ಳುವ ಹಾಗಿರಲಿಲ್ಲ. ಆದರೂ ತಮ್ಮ ಗುಂಪಿಗೆ ಸ್ವಲ್ಪ ಕಡಿಮೆ ಬಂದರೂ ಸರಿ, ಎದುರಿನವರಿಗಿಂತ ಜಾಸ್ತಿ ಇರಲಿ ಅಂತ ಹಂಚಿದರು. ಯಾರ್‍ಯಾರಿದ್ದಾರೆ ಅಂತಲೇ ಗೊತ್ತಿಲ್ಲದ ಗುಂಪಿಗೇ ಇಷ್ಟು ಹಟ! ಊರು, ಜಾತಿ, ಭಾಷೆ ಅಂದರೆ ಕೇಳಬೇಕಾ?

ಅದಕ್ಕೇ ಮತ್ತೆ ಹೇಳುತ್ತೇನೆ. ನಾಳೆ ಕಟ್ಟೆ ಮೇಲೆ ಯಾರಾದರೂ "ನಮ್ಮವರಿಗೆಲ್ಲ ಅವಮಾನ" ಅಂದರೆ, ಯಾರಿಗೆ ಅಂದರು, ಏನಂದರು, ಅವರೇನಂತಾರೆ ಅಂತ ಕೇಳಿ. ನೋವಾಗಿದೆ ಅಂದರೆ ಅವರ ಜೊತೆ ಗಟ್ಟಿಯಾಗಿ ನಿಲ್ಲಿ. ಮನೆ ದೂರ ಇದ್ದರೆ ಫೋನ್ ಹಚ್ಚಿ. ನಮಸ್ಕಾರ.