ಡಾಟ್ ಎನ್ವ್ ಫೈಲ್ ಬದಲಿಸಿದರೂ ಆ್ಯಪ್ ಯಾಕೆ ಬದಲಾಗಲಿಲ್ಲ?

[ಸ್ಕ್ರೀನ್: ಎಡಕ್ಕೆ ಡಾಟ್ ಎನ್ವ್ ಫೈಲ್, ಬಲಕ್ಕೆ ಟರ್ಮಿನಲ್]

ನಮಸ್ಕಾರ. ಆ್ಯಪಿನ ಸೆಟ್ಟಿಂಗ್‌ಗಳನ್ನು ಬರೆದಿಡುವ ಡಾಟ್ ಎನ್ವ್ ಫೈಲಿನಲ್ಲಿ ಡೇಟಾಬೇಸ್ ವಿಳಾಸ ಬದಲಿಸಿದಿರಿ. ಸೇವ್ ಮಾಡಿ ಆ್ಯಪನ್ನು ರೀಸ್ಟಾರ್ಟ್ ಕೂಡ ಮಾಡಿದಿರಿ. ಆದರೂ ಅದು ಹಳೇ ಡೇಟಾಬೇಸಿಗೇ ಹೋಗುತ್ತಿದೆ. ಯಾಕೆ? ಪೈಥಾನ್ ಇಟ್ಟುಕೊಂಡು ನೋಡೋಣ.

ಪೈಥಾನ್ ತಾನಾಗಿ ಈ ಫೈಲ್ ಓದುವುದಿಲ್ಲ. ಪೈಥಾನ್ ಡಾಟ್‌ಎನ್ವ್ ಲೈಬ್ರರಿ ಹಾಕಿಕೊಂಡು, ಲೋಡ್ ಡಾಟ್‌ಎನ್ವ್ ಫಂಕ್ಷನ್ ಕಾಲ್ ಮಾಡಬೇಕು. ಅದು ಒಂದೊಂದೇ ಸಾಲು ಓದಿ, ಹೆಸರು ಮತ್ತು ವ್ಯಾಲ್ಯೂವನ್ನು ಎನ್ವಿರಾನ್‌ಮೆಂಟಿಗೆ, ಅಂದರೆ ಓಡುತ್ತಿರುವ ಪ್ರೋಗ್ರಾಮಿಗೆ ಸಿಗುವ ಸೆಟ್ಟಿಂಗ್‌ಗಳ ಪಟ್ಟಿಗೆ, ಸೇರಿಸುತ್ತದೆ. ಆದರೆ ಆ ಹೆಸರು ಅಲ್ಲಿ ಮೊದಲೇ ಇದ್ದರೆ ಮುಟ್ಟುವುದಿಲ್ಲ!

[ಟರ್ಮಿನಲ್‌ನಲ್ಲಿ ಎಕ್ಸ್‌ಪೋರ್ಟ್ ಕಮಾಂಡ್ ಹೈಲೈಟ್]

ಇದೇ ಟರ್ಮಿನಲ್‌ನಲ್ಲಿ ಬೆಳಿಗ್ಗೆ ಎಕ್ಸ್‌ಪೋರ್ಟ್ ಕಮಾಂಡ್ ಕೊಟ್ಟು ಎನ್ವಿರಾನ್‌ಮೆಂಟಿಗೆ ಹಾಕಿದ್ದ ಹಳೇ ವಿಳಾಸ ಇನ್ನೂ ಕೂತಿದೆ. ಅದೇ ಗೆಲ್ಲುತ್ತದೆ. ಅನ್‌ಸೆಟ್ ಕಮಾಂಡ್ ಕೊಟ್ಟು ಅದನ್ನು ತೆಗೆದುಬಿಡಿ, ಸರಿಹೋಗುತ್ತದೆ. ಲೋಡ್ ಡಾಟ್‌ಎನ್ವ್‌ಗೆ ಓವರ್‌ರೈಡ್ ಟ್ರೂ ಅಂತ ಕೊಟ್ಟರೂ ಫೈಲ್ ಗೆಲ್ಲುತ್ತದೆ, ಆದರೆ ಪ್ರೊಡಕ್ಷನ್‌ನಲ್ಲಿ, ಅಂದರೆ ಜನ ಬಳಸುವ ಸರ್ವರ್‌ನಲ್ಲಿ, ದಯವಿಟ್ಟು ಹಾಗೆ ಮಾಡಬೇಡಿ. ಸರ್ವರ್‌ನಲ್ಲಿ ಬೇಕೆಂದೇ ಇಟ್ಟ ವ್ಯಾಲ್ಯೂವನ್ನು ಎಲ್ಲೋ ಉಳಿದುಹೋದ ಫೈಲ್ ಅಳಿಸಬಾರದು ಅಲ್ವಾ? ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ 20.6 ಆವೃತ್ತಿಯಲ್ಲಿ ಬಂದ ಎನ್ವ್ ಫೈಲ್ ಫ್ಲ್ಯಾಗ್ ಕೂಡ ಇದೇ ನಿಯಮ ಪಾಲಿಸುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಅಪಾಯಕಾರಿ.

[ಸ್ಕ್ರೀನ್: ಡಿಬಗ್ = ಫಾಲ್ಸ್]

ಎನ್ವಿರಾನ್‌ಮೆಂಟ್‌ನಲ್ಲಿ ಇರುವುದೆಲ್ಲ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಇಲ್ಲಿ ಫಾಲ್ಸ್ ಅಂದರೆ ಬರೀ ಐದು ಇಂಗ್ಲಿಷ್ ಅಕ್ಷರ. ಪೈಥಾನ್‌ಗೆ ಖಾಲಿಯಲ್ಲದ ಸ್ಟ್ರಿಂಗ್ ಯಾವುದೇ ಇರಲಿ, ಟ್ರೂ. ಹಾಗಾಗಿ ಈ ವ್ಯಾಲ್ಯೂವನ್ನು ಸುಮ್ನೆ ಇಫ್‌ಗೆ ಕೊಟ್ಟರೆ ಡಿಬಗ್, ಅಂದರೆ ತಪ್ಪು ಹುಡುಕಲು ಒಳಗಿನ ವಿವರ ತೋರಿಸುವ ಮೋಡ್, ಆನ್ ಆಗಿಬಿಡುತ್ತದೆ. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜಾಂಗೋದಲ್ಲಿ ಮಾಡಿದ ಸೈಟ್ ಆಗಿದ್ದರೆ, ಎರರ್ ಬಂದ ಕೂಡಲೇ ನಿಮ್ಮ ಕೋಡಿನ ಸಾಲುಗಳು, ಫೈಲ್ ಪಾತ್‌ಗಳು ನೋಡಿದವರಿಗೆಲ್ಲ ಕಾಣುತ್ತವೆ. ಅದಕ್ಕೇ ಲೋವರ್‌ಕೇಸ್ ಮಾಡಿ, ಟ್ರೂ ಎಂಬ ಸ್ಟ್ರಿಂಗ್ ಜೊತೆ ನೇರವಾಗಿ ಹೋಲಿಸಿ.

ಪಾಸ್‌ವರ್ಡ್‌ನಲ್ಲಿ ಸ್ಪೇಸ್ ಆದಮೇಲೆ ಹ್ಯಾಶ್ ಬಂದರೆ ಅಲ್ಲಿಂದಾಚೆ ಕಾಮೆಂಟ್ ಆಗುತ್ತದೆ, ಕೋಟ್ಸ್ ಒಳಗೆ ಇಡಿ. ಆದರೆ ಅದೇ ಫೈಲನ್ನು, ಆ್ಯಪನ್ನು ಕಂಟೇನರ್‌ನಲ್ಲಿ ಓಡಿಸುವ ಡಾಕರ್ ರನ್ ಕಮಾಂಡಿಗೆ ಕೊಟ್ಟರೆ ಕೋಟ್ಸ್ ಕೂಡ ಪಾಸ್‌ವರ್ಡ್‌ಗೆ ಸೇರಿಕೊಳ್ಳುತ್ತವೆ. ಡಾಕರ್ ಕಂಪೋಸ್ ಆದರೆ ಅವನ್ನು ತೆಗೆದು ಓದುತ್ತದೆ.

[ಸ್ಕ್ರೀನ್: ಗಿಟ್ ಲಾಗ್]

ಕೊನೆಯದಾಗಿ, ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸುವ ಗಿಟ್. ಮೊದಲ ಕಮಿಟ್‌ಗೂ ಮುಂಚೆ ಡಾಟ್ ಎನ್ವ್ ಅನ್ನು ಗಿಟ್‌ಇಗ್ನೋರ್‌ಗೆ, ಅಂದರೆ ಗಿಟ್ ಬಿಟ್ಟುಬಿಡಬೇಕಾದ ಫೈಲ್‌ಗಳ ಪಟ್ಟಿಗೆ, ಸೇರಿಸಿ. ಆಗಲೇ ಪುಶ್ ಆಗಿದ್ದರೆ, ಫೈಲ್ ಡಿಲೀಟ್ ಮಾಡಿದರೂ ಹಳೇ ಕಮಿಟ್‌ಗಳಲ್ಲಿ ಅದು ಉಳಿದಿರುತ್ತದೆ. ಹಿಸ್ಟರಿ ಅಳಿಸಲು ಕೂರಬೇಡಿ. ಮೊದಲು ಪಾಸ್‌ವರ್ಡ್ ಮತ್ತು ಕೀಗಳನ್ನು ಬದಲಿಸಿ.